ಗಡಿಬಿಡಿಗೆ ಮರ್ಯಾದೆ ಪಾಠ

"ಮುನ್ನೂರು ಮಕ್ಕಳನ್ನ ಒಂದೇ ಸೀಟಿಗೆ ನಿಲ್ಲಿಸೋನು ನಾನು. ನಾಲ್ಕು ಕಾಲಿನ ಒಂದು ಪ್ರಾಣೀನ ನಿಲ್ಲಿಸೋಕಾಗಲ್ವಾ?" ಎಂದು ಡ್ರಿಲ್ ಮೇಷ್ಟ್ರು ಘೋಷಿಸಿದಾಗ, ಆ ಪ್ರಾಣಿ ಅವರ ಎದೆಯ ಮೇಲೇ ಎರಡು ಕಾಲಿಟ್ಟು ಗಲ್ಲ ನೆಕ್ಕುತ್ತಿತ್ತು.

"ನಿಂತಿದೆಯಲ್ರೀ, ನಿಮ್ಮ ಮೇಲೇ!" ಎಂದಳು ಹೆಂಡತಿ. ಆಕೆ ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ಸೂಜಿ ಚುಚ್ಚುವ ಕೆಲಸ. ಮನೆಗೆ ಬಂದ ಮೇಲೂ ಅಭ್ಯಾಸ ಬಿಡುತ್ತಿರಲಿಲ್ಲ.

ನಾಯಿಯ ಹೆಸರು ಗಡಿಬಿಡಿ. ಕರುವಿನಷ್ಟು ಮೈ, ಕಡಲಿನಷ್ಟು ಪ್ರೀತಿ. ಬಾಗಿಲ ಗಂಟೆ ಕೇಳಿದರೆ ಸಾಕು, ಬಂದವರ ಭುಜಕ್ಕೆ ಎರಡೂ ಮುಂಗಾಲು ಹಾಕಿ ಸ್ವಾಗತ ಭಾಷಣ ಮುಗಿಸದೆ ಕೆಳಗಿಳಿಯುತ್ತಿರಲಿಲ್ಲ. ಎಂಟು ತಿಂಗಳ ಹಿಂದೆ ಮೇಷ್ಟ್ರ ಅಕ್ಕನಿಗೂ ಅದೇ ಸ್ವಾಗತ ಸಿಕ್ಕಿತ್ತು. ಅಕ್ಕ ರಿಟೈರಾದ ಹೆಡ್‌ಮಿಸ್ಸು. ತಾಯಿಯಿಲ್ಲದ ತಮ್ಮನನ್ನು ಸಾಕಿ ಬೆಳೆಸಿದವರು. ಅವತ್ತು ಕನ್ನಡಕ ಬೀದಿಯಲ್ಲಿ, ಅಕ್ಕ ಹೂವಿನ ಕುಂಡದಲ್ಲಿ! ಎದ್ದು ಮಣ್ಣು ಕೊಡವಿಕೊಂಡು ಹೋದವರು ಮತ್ತೆ ಈ ಹೊಸಿಲು ತುಳಿದಿರಲಿಲ್ಲ. ಈಗ ಕಣ್ಣಿನ ಆಪರೇಷನ್ನಿಗೆ ಇದೇ ಊರಿಗೆ ಬರಬೇಕಾಗಿತ್ತು.

"ಬರ್ತೀನಿ ಕಣೋ. ಆದ್ರೆ ಇರೋದು ಲಾಡ್ಜಲ್ಲಿ," ಎಂದಿದ್ದರು ಫೋನಿನಲ್ಲಿ.

ತಮ್ಮನ ಮನೆ ಇರುವಾಗ ಅಕ್ಕ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಲಾಡ್ಜಿನಲ್ಲಿ, ಅದೂ ಒಬ್ಬರೇ! ಮೇಷ್ಟ್ರು ಅವತ್ತೇ ಮರಳಿ ಫೋನ್ ಮಾಡಿದರು. "ಎರಡು ವಾರ ಟೈಮ್ ಕೊಡಕ್ಕಾ. ಒಂದ್ಸಲ ಬಂದು ನೋಡು. ಆಮೇಲೂ ಬೇಡ ಅನ್ನಿಸಿದ್ರೆ ನಿನ್ನ ಪೆಟ್ಟಿಗೇನ ನಾನೇ ತಲೆ ಮೇಲೆ ಹೊತ್ಕೊಂಡು ಲಾಡ್ಜಿಗೆ ಬರ್ತೀನಿ," ಎಂದು ಮಾತು ಕೊಟ್ಟುಬಿಟ್ಟರು.

ಮಾತು ಕೊಟ್ಟ ಮೇಲೆ ನಾಯಿ ಪಳಗಿಸುವ ಪುಸ್ತಕ ಕೊಂಡರು. ನಾಯಿಯನ್ನು ಬೈಯಬಾರದು, ಹೊಡೆಯಬಾರದು, ಸರಪಳಿ ಜಗ್ಗಬಾರದು. ಒಳ್ಳೆಯದು ಮಾಡಿದ ತಕ್ಷಣ ಇನಾಮು ಕೊಡಬೇಕು. ಮೈಮೇಲೆ ಹಾರಿದರೆ ತುಟಿ ಬಿಚ್ಚದೆ ಬೆನ್ನು ತಿರುಗಿಸಿ ನಿಲ್ಲಬೇಕು ಎಂದು ಅದರಲ್ಲಿ ಬರೆದಿತ್ತು.

"ಇನ್ಮೇಲೆ ಈ ಮನೇಲಿ ಬೆನ್ನಿಗೆ ಬಾರಿಸೋದಿಲ್ಲ, ಬೆನ್ನು ತಟ್ಟೋದು ಮಾತ್ರ!"

"ಬೆನ್ನು ತಿರುಗಿಸೋದೂ ಇದೆಯಲ್ಲ. ಅದು ನಿಮಗೆ ಮೊದಲೇ ಬರುತ್ತೆ ಬಿಡಿ. ಪಾತ್ರೆ ತೊಳೆಯೋ ಹೊತ್ತಲ್ಲಿ ದಿನಾ ನೋಡ್ತೀನಿ."

ಇಪ್ಪತ್ತೆರಡು ವರ್ಷ ಮೈದಾನದಲ್ಲಿ ಗರ್ಜಿಸಿದ ಕಂಠ ಮರುದಿನದಿಂದ "ಜಾಣ ಮರಿ, ಬಂಗಾರ ಮರಿ" ಎಂದು ಪಿಸುಗುಟ್ಟತೊಡಗಿತು. ಸೊಂಟದಲ್ಲಿ ಸೀಟಿಯ ಜಾಗದಲ್ಲಿ ಒಂದು ಚೀಲ, ಅದರ ತುಂಬ ಬೇಯಿಸಿದ ಕೋಳಿಯ ತುಣುಕು. ಎಲ್ಲ ಸರಿ, ಆದರೆ ಪಾಠಕ್ಕೆ ಗಂಟೆ ಒತ್ತುವ ಅತಿಥಿಗಳು ಬೇಕಲ್ಲ! ಮಹಡಿಯ ಮೇಲಿನ ಟೈಲರ್‌ನನ್ನೂ ಬೀದಿಯ ಪೋಸ್ಟ್‌ಮ್ಯಾನ್‌ನನ್ನೂ ಹಿಡಿದರು.

"ಹೋಗ್ತಾ ಬರ್ತಾ ಒಂದ್ಸಲ ಗಂಟೆ ಒತ್ತಿ ಮಾರಾಯ್ರೇ. ನಾಯಿ ಹಾರಿದ್ರೆ ಬೆನ್ನು ತಿರುಗಿಸಿ. ಅದು ಕೂರೋ ತನಕ ಅಲುಗಾಡಬೇಡಿ, ಅಷ್ಟೇ."

ಬಿಟ್ಟಿಯಾಗಿ ಮೈಮೇಲೆ ನಾಯಿ ಹಾರಿಸಿಕೊಳ್ಳಲು ಯಾರು ಬಂದಾರು? ಬಂದವರಿಗೆಲ್ಲ ಒಂದೊಂದು ತುಂಡು ಕೇಕು ಎಂದು ನಿಗದಿಯಾಯಿತು. ಹೆಂಡತಿ ರಜೆಯ ದಿನ ಮಾಡಿಟ್ಟ ಕೇಕು.

ಇನಾಮಿನ ಮಹಿಮೆ ನೋಡಿ! ಮೊದಲ ದಿನ ಟೈಲರ್ ಒಂದು ಸಲ ಬಂದ. ಮೂರನೆಯ ದಿನ ನಾಲ್ಕು ಸಲ. ಐದನೆಯ ದಿನವಂತೂ ಅಳತೆಗೆ ಬಂದ ಗಿರಾಕಿಯನ್ನು ಕೈ ಚಾಚಿ ನಿಲ್ಲಿಸಿದ್ದ ಹಾಗೇ ಬಿಟ್ಟು ಮೆಟ್ಟಿಲಿಳಿದು ಓಡಿಬಂದ. ಪೋಸ್ಟ್‌ಮ್ಯಾನ್ ಕಾಗದವಿಲ್ಲದ ದಿನವೂ ಗಂಟೆ ಒತ್ತಿ, "ಇವತ್ತು ನಿಮಗೇನೂ ಬಂದಿಲ್ಲ ಸಾರ್," ಎಂದು ವರದಿ ಒಪ್ಪಿಸತೊಡಗಿದ!

"ತರಬೇತಿ ಜೋರಾಗಿದೆ ಕಣ್ರೀ," ಎಂದಳು ಹೆಂಡತಿ ಖಾಲಿ ಡಬ್ಬಿ ತೋರಿಸಿ. "ಇವರಿಬ್ರೂ ಪಾಸಾದ್ರು. ನಾಯಿ ಯಾವಾಗ?"

ನಾಯಿಯೂ ಕಲಿಯುತ್ತಿತ್ತು. ಗಂಟೆಯಾದ ಕೂಡಲೇ ಹಾರುತ್ತಿತ್ತು. ಬಂದವರು ಬೆನ್ನು ತಿರುಗಿಸುತ್ತಿದ್ದರು. ಥಪ್ಪೆಂದು ಕೂರುತ್ತಿತ್ತು. ಮೇಷ್ಟ್ರು ಕೋಳಿ ಕೊಡುತ್ತಿದ್ದರು. ಹತ್ತನೆಯ ದಿನದ ಹೊತ್ತಿಗೆ ಅದು ಎಷ್ಟು ಚುರುಕಾಗಿ ಕೂರತೊಡಗಿತೆಂದರೆ ಮೇಷ್ಟ್ರ ಕಣ್ಣು ತುಂಬಿಬಂತು.

ಹೆಂಡತಿ ಕೈಕಟ್ಟಿ ನಿಂತು ನಾಲ್ಕು ಸಲ ನೋಡಿದಳು. "ರೀ, ಇದು ಕೂರೋದು ಕಲಿತಿಲ್ಲ. ಹಾರಿ ಕೂರೋದು ಕಲಿತಿದೆ."

"ಅಂದ್ರೆ?"

"ಹಾರಿದ್ರೆ ತಾನೇ ಆಮೇಲೆ ಕೂತಿದ್ದಕ್ಕೆ ಕೋಳಿ? ಹಾರದೇ ಸುಮ್ನೆ ನಿಂತಾಗ ಒಂದು ಸಲನಾದ್ರೂ ಕೊಟ್ಟಿದ್ದೀರಾ? ನೀವು ಹೇಳಿಕೊಟ್ಟಿರೋದು ಮರ್ಯಾದೆ ಅಲ್ಲ, ಡ್ರಿಲ್ಲು. ಒಂದು ಅಂದ್ರೆ ಹಾರು, ಎರಡು ಅಂದ್ರೆ ಕೂರು!"

ಗಡಿಬಿಡಿ ಮೇಷ್ಟ್ರನ್ನೇ ನೋಡುತ್ತ, ಎಷ್ಟು ಮಾರ್ಕು ಸಾರ್ ಎಂಬಂತೆ ಬಾಲ ಬಡಿಯಿತು.

ಉಳಿದದ್ದು ನಾಲ್ಕೇ ದಿನ. ನಾಲ್ಕೂ ಪಾದ ನೆಲದ ಮೇಲಿರುವಾಗಲೇ ಕೋಳಿ ಎಂದು ಹೊಸ ಪಾಠ ಶುರುವಾಯಿತು. ಶನಿವಾರ ಸಂಜೆ ಹೆಂಡತಿ ಕೆಲಸದಿಂದ ಬಂದಾಗ ಗಡಿಬಿಡಿ ಹಾರಲಿಲ್ಲ! ಆದರೆ ಆಮೇಲೆ ಬಂದ ಟೈಲರ್‌ನ ಮೇಲೆ ಆ ಬಾಕಿಯನ್ನೂ ಸೇರಿಸಿ ಹಾರಿತು.

ಅಕ್ಕ ಬರಬೇಕಾಗಿದ್ದ ಭಾನುವಾರ ಬೆಳಗ್ಗೆ ಕೊನೆಯ ರಿಹರ್ಸಲ್. ಟೈಲರ್, ಪೋಸ್ಟ್‌ಮ್ಯಾನ್ ಇಬ್ಬರೂ ತಲೆ ಬಾಚಿಕೊಂಡು ಹಾಜರಾಗಿದ್ದರು. ಹೆಂಡತಿ ಕೇಕಿನ ತಟ್ಟೆ ಹಿಡಿದು ನಿಂತಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಯಾರು ಮೊದಲು ಹೊರಗೆ ಹೋಗಿ ಗಂಟೆ ಒತ್ತಬೇಕೆಂದು ಚರ್ಚೆ ನಡೆಯುತ್ತಿರುವಾಗಲೇ ಗಂಟೆಯಾಯಿತು!

ಅಕ್ಕ ಹುಟ್ಟಿದಾರಭ್ಯ ತಡವಾಗಿ ಬಂದವರಲ್ಲ. ಅವತ್ತು ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಬಂದು, ಕೈಚೀಲವನ್ನು ಎದೆಗೆ ಗುರಾಣಿಯಂತೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಗಡಿಬಿಡಿಗೆ ಹೊಸ ಪಾಠ ಮರೆತೇಹೋಯಿತು. ಒಂದು! ಕೈಚೀಲದ ಮೇಲೆ ಎರಡು ಪಾದ.

ಹಾರಿದ್ದೇ ತಡ, ಎರಡು ವಾರದ ಅಭ್ಯಾಸಬಲದಿಂದ ಟೈಲರ್, ಪೋಸ್ಟ್‌ಮ್ಯಾನ್, ಮೇಷ್ಟ್ರು ಗಕ್ಕನೆ ತಿರುಗಿ ಗೋಡೆ ನೋಡುತ್ತ ನಿಂತುಬಿಟ್ಟರು. ಕೇಕಿನ ತಟ್ಟೆಯ ಸಮೇತ ಹೆಂಡತಿಯೂ!

"ಏನೋ ಇದು?" ಅಕ್ಕನ ದನಿಗೆ ಕಿಟಕಿ ಗಾಜು ನಡುಗಿತು. "ಎಂಟು ತಿಂಗಳಾದ ಮೇಲೆ ಬಂದ್ರೆ ಸಾಲಾಗಿ ನಿಂತು ಬೆನ್ನು ತೋರಿಸ್ತೀರಾ?"

"ನಿನಗಲ್ಲಕ್ಕಾ, ನಾಯಿಗೆ!" ಎಂದರು ಮೇಷ್ಟ್ರು ಗೋಡೆಗೆ. ನಾಯಿ ಕೂರುವ ತನಕ ತಿರುಗುವಂತಿರಲಿಲ್ಲ.

"ನಾಯಿಗಿಂತ ಕಡೆಯಾದ್ನಾ ನಾನು? ಹೊರಟೆ!" ಎಂದು ಅಕ್ಕ ಚೀಲ ಕೊಡವಿ, ಗಿರ್ರನೆ ಬೆನ್ನು ತಿರುಗಿಸಿದರು.

ಎರಡು! ಥಪ್!

ನಾಲ್ಕು ಹೆಜ್ಜೆ ಇಟ್ಟ ಅಕ್ಕ, ಬೆನ್ನಟ್ಟಿ ಬರುವ ಸದ್ದೇ ಇಲ್ಲವಲ್ಲ ಎಂದು ಹಿಂತಿರುಗಿದರು. ಹೊಸಿಲ ಮೇಲೆ ಗಡಿಬಿಡಿ ಕತ್ತೆತ್ತಿ, ಕಿವಿ ನಿಮಿರಿಸಿ, ಮೊದಲ ಬೆಂಚಿನ ಹುಡುಗನಂತೆ ಕೂತಿತ್ತು. ಅಕ್ಕ ಒಂದು ಹೆಜ್ಜೆ ಮುಂದಿಟ್ಟರು. ಅದು ಮಿಸುಕಲಿಲ್ಲ. ಇನ್ನೊಂದು ಹೆಜ್ಜೆ. ಬಾಲ ಮಾತ್ರ ನೆಲ ಗುಡಿಸಿತು. ಮೂವತ್ತೈದು ವರ್ಷದ ನೌಕರಿಯಲ್ಲಿ, "ಕೂತ್ಕೋ" ಎನ್ನುವ ಮೊದಲೇ ಕೂತ ವಿದ್ಯಾರ್ಥಿ ಅವರಿಗೆ ಸಿಕ್ಕಿರಲೇ ಇಲ್ಲ. ಬಗ್ಗಿ, ಒಂದೇ ಬೆರಳಿನಿಂದ ಅದರ ನೆತ್ತಿ ಮುಟ್ಟಿದರು. ಆಮೇಲೆ ಇಡೀ ಅಂಗೈಯಿಂದ.

"ಇದಕ್ಕೆ ಇಷ್ಟು ಮರ್ಯಾದೆ ಕಲಿಸಿದ್ದು ಯಾರೋ?"

ಮೇಷ್ಟ್ರು ಈಗ ತಿರುಗಿದರು. ಎದೆ ತಾನಾಗಿಯೇ ಉಬ್ಬಿತು. "ನಾನೇ ಅಕ್ಕಾ! ಬೈದಿಲ್ಲ, ಹೊಡೆದಿಲ್ಲ. ಬರೀ ಪ್ರೀತಿ!"

ಅಕ್ಕ ಹೊರಗಿದ್ದ ಪೆಟ್ಟಿಗೆಯನ್ನು ತಾವೇ ಒಳಗೆ ತಂದಿಟ್ಟರು. ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇನ್ನೂ ಗೋಡೆ ನೋಡುತ್ತಲೇ ಕೇಕು ತಿನ್ನುತ್ತಿದ್ದ ಇಬ್ಬರು ಮಹಾಶಯರನ್ನು ನೋಡಿದರು. ಆಮೇಲೆ ತಮ್ಮನ ಹೆಂಡತಿಯ ಕೈ ಹಿಡಿದು ನಿಟ್ಟುಸಿರುಬಿಟ್ಟರು.

"ನೀನು ಸಾಕಿದ್ದು ಚೆನ್ನಾಗೇ ಕಲಿತಿದೆ ಕಣಮ್ಮಾ. ನಾನು ಸಾಕಿದ್ದೇ ಹೀಗಾಯ್ತು!"