ನಾಲ್ಕು ಡಿಸ್ಕಿನ ಪೆಟ್ಟಿಗೆಗೆ ಒನ್ಸ್ ಮೋರ್

ನಮ್ಮ ಮನೆಯಲ್ಲಿ ನನ್ನ ಬುದ್ಧಿವಂತಿಕೆಗೆ ಕವಡೆ ಕಿಮ್ಮತ್ತಿಲ್ಲ. ರಾಣೆಬೆನ್ನೂರಿನಲ್ಲಿ ಹನ್ನೆರಡು ವರ್ಷದಿಂದ ಮದುವೆ ವಿಡಿಯೋ ತೆಗೆಯುತ್ತಿದ್ದೇನೆ. ಆದರೂ ಮಿಕ್ಸರ್ ಕೆಟ್ಟರೆ ಹೆಂಡತಿ ಸುಧಾರಾಣಿ ಪಕ್ಕದ ಮನೆಯ ಫಕ್ರುದ್ದೀನರನ್ನೇ ಕರೆಯುತ್ತಾಳೆ. ಈ ಅವಮಾನಕ್ಕೆ ಉತ್ತರವಾಗಿ, ವಿಡಿಯೋಗಳನ್ನು ಕೂಡಿಡುವ ರೇಡ್ ಪೆಟ್ಟಿಗೆ ತಂದೆ. ಒಳಗೆ ನಾಲ್ಕು ಟೆರಾಬೈಟಿನ ನಾಲ್ಕು ಡಿಸ್ಕು, ಎಲ್ಲ ಸೇರಿ ಒಂದೇ ಸಂಸಾರ.

"ನಾಕ ನಾಕಲೆ ಹದಿನಾರು ಆತಲ್ಲರೀ?" ಎಂದಳು.

"ಬಳಸಾಕ ಹನ್ನೆರಡ. ಉಳದಿದ್ದು ಕಾಪಾಡಾಕ ಹೋಗತೈತಿ."

"ತಂದಿದ್ದು ಹದಿನಾರು, ಸಿಕ್ಕಿದ್ದು ಹನ್ನೆರಡು! ಭಾಳ ಶಾಣ್ಯಾರ ಅದೀರಿ."

ಉಪನ್ಯಾಸ ಆರಂಭಿಸಿದೆ. (ಸಭಿಕಳು ಬಳ್ಳೊಳ್ಳಿ ಸುಲಿಯುತ್ತಿದ್ದಳು.) "ರೇಡ್ ಸೊನ್ನಿ ಅಂದ್ರ ಹದಿನಾರೂ ಸಿಗತಾವ, ಓಟಾನೂ ಜೋರು. ಆದ್ರ ಒಂದು ಡಿಸ್ಕ್ ಸತ್ರ ಎಲ್ಲಾ ಹೋತು. ರೇಡ್ ಒಂದು ಅಂದ್ರ ಒಂದರಾಗ ಬರದಿದ್ದ ಇನ್ನೊಂದರಾಗೂ ಬರೀತೈತಿ. ಭದ್ರ ಖರೇ, ಅರ್ಧಾ ಜಾಗಾ ಖಲಾಸ್. ನಾ ಹಾಕಿದ್ದು ರೇಡ್ ಐದು. ಬರಿಯೂದು ಚೂರು ನಿಧಾನ, ಆದ್ರ ನಾಕರಾಗ ಒಂದು ಸತ್ರೂ ಉಳದ ಮೂರು ಸೇರಿ ಸಂಭಾಳಸ್ತಾವ."

"ನಮ್ಮ ಮನಿ ಹಂಗನ ಅನ್ರಿ. ಒಬ್ರು ಏನೂ ಮಾಡದಿದ್ರೂ ನಡೀತೈತಿ."

ಪೆಟ್ಟಿಗೆಗೆ ಮೊದಲು ಸುರಿದದ್ದು ಅವಳ ತಂಗಿ ಮೇಘಾಳ ಮದುವೆ. ಕ್ಯಾಮೆರಾದ ಕಾರ್ಡುಗಳನ್ನು ಮುಂದಿನ ಮದುವೆಗೆಂದು ಅಳಿಸಿಯೂ ಬಿಟ್ಟೆ. ಭಾನುವಾರ ವಿಡಿಯೋ ನೋಡಲು ಗುತ್ತಲದಿಂದ ಅತ್ತೆ ಕರಿಯವ್ವ, ಮೇಘಾಳ ಸಮೇತ ಬಂದಿಳಿದರು.

ಟಿವಿಯಲ್ಲಿ ಅರಿಷಿಣ ಮುಗಿದು ತಾಳಿಯ ಹೊತ್ತು ಬಂದಾಗ ನನ್ನ ಕೈ ತಡೆಯಲಿಲ್ಲ. ಎಲ್ಲರೆದುರು ಒಂದು ಡಿಸ್ಕನ್ನು ಸರಕ್ಕನೆ ಕಿತ್ತೆ. ವಿಡಿಯೋ ನಿಲ್ಲಲೇ ಇಲ್ಲ!

ಕಂಪನಿ ನಾಟಕಗಳ ಮುಂದಿನ ಸಾಲಿನಲ್ಲೇ ವಯಸ್ಸು ಕಳೆದ ಅತ್ತೆ ಚಪ್ಪಾಳೆ ತಟ್ಟಿದರು. "ಅಳಿಯಂದ್ರ, ಒನ್ಸ್ ಮೋರ್!"

ನಮ್ಮ ಕಡೆ ಒನ್ಸ್ ಮೋರ್ ಎಂದರೆ ಸತ್ತ ರಾಜನೂ ಎದ್ದು ಕೂತು ಹಾಡಬೇಕು. ನಾನು ಯಾವ ಲೆಕ್ಕ? ಕಿತ್ತದ್ದನ್ನು ಸಿಕ್ಕಿಸಿ, ಪಕ್ಕದ್ದನ್ನು ಎಳೆದೆ. ಮರಳಿ ಬಂದ ಡಿಸ್ಕು ತನ್ನ ಪಾಲನ್ನು ತುಂಬಿಕೊಳ್ಳಲು ತಾಸುಗಟ್ಟಲೆ ಬೇಕು, ಅಲ್ಲಿಯತನಕ ಅದು ಸತ್ತಂತೆಯೇ ಲೆಕ್ಕ ಎಂಬುದು ಈ ಉಪನ್ಯಾಸಕ ಮಹಾಶಯನಿಗೆ ಮರೆತೇಹೋಗಿತ್ತು. ಪೆಟ್ಟಿಗೆ ಕೆಂಪು ದೀಪ ಹಚ್ಚಿಕೊಂಡು ಕಿರುಚಿತು. ಮದುಮಗ ತಾಳಿ ಎತ್ತಿದವನು ಎತ್ತಿದಂತೆಯೇ ನಿಂತ, ಆಮೇಲೆ ಅವನೂ ಮಾಯವಾದ.

"ಮಾಮಾ, ನಾ ತಲಿ ಬಗ್ಗಿಸಿ ಕುಂತಿದ್ದೆ. ನನ್ನ ಮದ್ವಿ ನಾನ ನೋಡಿಲ್ಲ!" ಮೇಘಾ ಅಳತೊಡಗಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸುಧಾರಾಣಿ ಅಡುಗೆಮನೆಗೆ ಹೋಗಿ, ಜೋಳದ ಡಬ್ಬಿಯಿಂದ ಅರಿವೆಯಲ್ಲಿ ಸುತ್ತಿದ ಪುಟ್ಟ ಹಾರ್ಡ್ ಡಿಸ್ಕ್ ತಂದಳು. "ನೀವು ಕಾರ್ಡ್ ಅಳಸೂಕಿಂತ ಮೊದಲ ಇದರಾಗೊಂದು ನಕಲು ಹಾಕಿಟ್ಟಿದ್ದೆ."

"ಯಾಕ? ಪೆಟಗಿ ಮ್ಯಾಲ ನಂಬಿಕಿ ಇರಲಿಲ್ಲೇನು?"

"ಪೆಟಗಿ ಮ್ಯಾಲ ಇತ್ತು. ಡಿಸ್ಕ್ ಸತ್ರ ಅದು ಕಾಪಾಡತೈತಿ. ನೀವು ಬದುಕಿರೂತನಕ ಯಾರು ಕಾಪಾಡಬೇಕು?"

ಮೇಘಾ ಕಣ್ಣೊರೆಸಿಕೊಂಡು ತನ್ನ ಮದುವೆ ನೋಡಿದಳು. ಅತ್ತೆ ತೀರ್ಪು ಕೊಟ್ಟರು: "ಎರಡೂ ಒಂದ ಮನ್ಯಾಗ ಬ್ಯಾಡ. ಒಂದು ನಮ್ಮಲ್ಲಿರ್ಲಿ."

ಈಗ ಪ್ರತಿ ಮದುವೆಯ ಮರುದಿನ ನಕಲು ಡಿಸ್ಕನ್ನು ಎದೆಗವಚಿಕೊಂಡು ಗುತ್ತಲದ ಬಸ್ಸು ಹತ್ತುತ್ತೇನೆ. ಅತ್ತೆ ಹೊಸ್ತಿಲಲ್ಲೇ ಅದನ್ನು ಇಸಿದುಕೊಂಡು ಒಳಗಿನ ಟ್ರಂಕಿನಲ್ಲಿಟ್ಟು ಕೀಲಿ ಹಾಕುತ್ತಾರೆ. ಆಮೇಲೆ ಅಳಿಯನಿಗೆ ಆದರದ ಸ್ವಾಗತ:

"ಬರ್ರಿ, ಕುಂದ್ರಿ. ಏನಕ್ಕೂ ಕೈ ಹಚ್ಚಬ್ಯಾಡ್ರಿ."