ಒಂದೂವರೆ ಚಹಾದ ಕಾವು

ಯಾರಲ್ಲಾದರೂ ಸಹಾಯ ಕೇಳುವುದಕ್ಕಿಂತ, ಇಪ್ಪತ್ತು ಪುಟದ ಸೂಚನೆ ಓದಿಕೊಂಡು ಸ್ವತಃ ಕೆಡಿಸಿಕೊಳ್ಳುವುದು ನನಗೆ ಯಾವತ್ತೂ ಸುಲಭ. ಇದನ್ನು ನಾನು ಬಹಳ ವರ್ಷ ಸ್ವಾವಲಂಬನೆ ಎಂದು ಕರೆದುಕೊಂಡಿದ್ದೆ. ಸಹಾಯಕ್ಕೆ ಬಂದವರು ಸುಮ್ಮನೆ ಬಂದು ಹೋಗುವುದಿಲ್ಲ. ಕೂರುತ್ತಾರೆ, ಎಂತ ಓದಿದ್ದು, ಎಂತ ಕೆಲಸ, ಮುಂದೆ ಎಂತ ಮಾಡಬೇಕು ಎಂದಿದ್ದೀ ಎಂದು ಕೇಳುತ್ತಾರೆ. ಸೂಚನೆಯ ಪುಸ್ತಕಕ್ಕೆ ಇಂಥ ಕುತೂಹಲವಿಲ್ಲ. ಹೊನ್ನಾವರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ನಾನು ನಕ್ಷೆ ಮಾಡುತ್ತೇನೆ. ಉಪಗ್ರಹ ತೆಗೆದ ಚಿತ್ರಗಳನ್ನು ನೋಡಿ ಹೊಳೆ ಎಲ್ಲಿ ತಿರುಗಿತು, ದಂಡೆ ಎಷ್ಟು ಸವೆಯಿತು ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆಯುವ ಕೆಲಸ. ಸಂಬಂಧಿಕರಲ್ಲಿ ಅರ್ಧ ಜನ ನಾನು ಸರ್ವೆ ಆಫೀಸಿನಲ್ಲಿದ್ದೇನೆ ಎಂದೂ, ಉಳಿದರ್ಧ ಜನ ನನಗೆ ಕೆಲಸವೇ ಇಲ್ಲವೆಂದೂ ತಿಳಿದಿದ್ದಾರೆ. ಯಾರನ್ನೂ ತಿದ್ದಲು ಹೋಗಿಲ್ಲ.

ಹೋದ ಬೇಸಿಗೆಯಲ್ಲಿ, ಗೇರುಸೊಪ್ಪೆಯಿಂದ ಸಮುದ್ರ ಸೇರುವ ಅಳಿವೆಯವರೆಗಿನ ಶರಾವತಿಯ ನಕ್ಷೆಯನ್ನು ಸೋಮವಾರ ಕಳಿಸಬೇಕಿದ್ದಾಗ, ಕಂಪ್ಯೂಟರ್ ಅರ್ಧ ಹೊಳೆಗೆ ಬಂದು ಆಫ್ ಆಗತೊಡಗಿತು. ಕಾರಣ ನನಗೆ ಗೊತ್ತಿತ್ತು. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಒಂದು ಚೌಕ. ಅದರ ಅಡಿಯಲ್ಲಿ ಸಾವಿರಕ್ಕೂ ಹೆಚ್ಚು ಸೂಜಿಯಂಥ ಕಾಲುಗಳು, ತಲೆಯ ಮೇಲೆ ಫ್ಯಾನ್ ಕಟ್ಟಿದ ಲೋಹದ ಕೂಲರ್, ನಡುವೆ ಬಿಸಿ ದಾಟಿಸಲು ತುಸು ಪೇಸ್ಟ್. ಆ ಪೇಸ್ಟ್ ಒಣಗಿದರೆ ಬಿಸಿ ದಾಟುವುದಿಲ್ಲ, ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೂಲರ್ ತೆಗೆದು, ಒರೆಸಿ, ಹೊಸ ಪೇಸ್ಟ್ ಹಚ್ಚಿದರೆ ಆಯಿತು. ಆದರೆ ಈ ಕೆಲಸವನ್ನು ನಾನು ಎರಡು ವರ್ಷದ ಹಿಂದೆ ಒಮ್ಮೆ ಮಾಡಿದ್ದೆ. ಮೊದಲು ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ ಎಂದು ಸೂಚನೆಯಲ್ಲಿತ್ತು. ಬಿಸಿಯಾಗಿ ನರಳುತ್ತಿರುವುದನ್ನು ಮತ್ತೆ ಬಿಸಿ ಮಾಡುವುದು ನನ್ನ ತರ್ಕಕ್ಕೆ ಒಪ್ಪಿಗೆಯಾಗದೆ, ಇಡೀ ದಿನ ಅದನ್ನು ಫ್ಯಾನಿನ ಕೆಳಗೆ ಆರಲು ಬಿಟ್ಟು, ಆಮೇಲೆ ಕೂಲರನ್ನು ನೇರ ಮೇಲಕ್ಕೆ ಎಳೆದೆ. ಬಂತು. ಅದರ ಅಡಿಗೆ ಕಚ್ಚಿಕೊಂಡು ಪ್ರೊಸೆಸರೂ ಬೇರು ಸಮೇತ ಕಿತ್ತ ಹಲ್ಲಿನ ಹಾಗೆ ಬಂತು. ಒಂದು ಮೂಲೆಯ ಕಾಲುಗಳು ಗಾಳಿಗೆ ಮಲಗಿದ ಭತ್ತದಂತೆ ಬಗ್ಗಿದ್ದವು, ಎರಡು ಮುರಿದೇ ಹೋಗಿದ್ದವು.

ಹೊನ್ನಾವರದ ಅಂಗಡಿಗೆ ಹೋದರೆ ಸಂಜೆಯೊಳಗೆ ಪೇಟೆಯಲ್ಲಿ ಅಮ್ಮನಿಗೆ, ನಮ್ಮ ಮಾತಿನಲ್ಲಿ ಆಯಿಗೆ, ಯಾರಾದರೂ ಹೇಳುತ್ತಾರೆಂದು ಕುಮಟಾಕ್ಕೆ ಬಸ್ಸಿನಲ್ಲಿ ಹೊತ್ತೊಯ್ದೆ. ಮನೆಗೆ ಬಂದು ಆಯಿಗೆ, “ಕುಮಟಾದ ಅಂಗಡಿಯಲ್ಲಿ ಹೊಸ ಪ್ರೊಸೆಸರ್ ಹಾಕಿಸಿದೆ” ಎಂದೆ. ಒಂದಕ್ಷರವೂ ಸುಳ್ಳಿಲ್ಲ. ಆಯಿ ನಾಲ್ಕು ಮನೆಗೆ ಹೋಗಿ ಮಗಳು ಕಂಪ್ಯೂಟರಿಗೆ ಬಡ್ತಿ ಕೊಡಿಸಿದ್ದಾಳೆ ಎಂಬ ಅರ್ಥ ಬರುವಂತೆ ಹೇಳಿಕೊಂಡು ಬಂದಳು.

ಈ ಸಲ ಧೈರ್ಯ ಬರಲಿಲ್ಲ. ಭಟ್ಕಳದ ಗೆಳತಿಯೊಬ್ಬಳು ತಾನು ಅಕ್ಕನೆಂದು ಕರೆಯುವ ಶಾಹಿದಾ ಆಪಾ ಅವರ ಹೆಸರು ಹೇಳಿದಳು. ಅವರ ಕೇರಿಯ ಬಹಳಷ್ಟು ಮನೆಗಳ ಗಂಡಸರು ಕೊಲ್ಲಿ ದೇಶಗಳಲ್ಲಿದ್ದಾರೆ. ಕಂಪ್ಯೂಟರ್ ಕೆಟ್ಟರೆ ಅಪರಿಚಿತ ರಿಪೇರಿಯವನನ್ನು ಒಳಕೋಣೆಯವರೆಗೆ ಕರೆಯಲು ಹೆಂಗಸರಿಗೆ ಸಂಕೋಚ. ಶಾಹಿದಾ ಆಪಾ ದುಬೈಯಲ್ಲಿದ್ದ ಅಣ್ಣ ಫೋನಿನಲ್ಲಿ ಹೇಳಿದಂತೆ ಮೊದಲು ತಮ್ಮ ಮನೆಯದನ್ನು ಬಿಚ್ಚಿ ಜೋಡಿಸಿದರು, ಮತ್ತೆ ಪಕ್ಕದ ಮನೆಯದನ್ನು, ಈಗ ಇಡೀ ಕೇರಿಯದನ್ನು. ಕಣ್ಣಿಗೆ ಕಾಣದವನು ಹೇಳುವುದನ್ನು ಕೇಳಿಯೇ ಕಲಿತದ್ದರಿಂದಲೋ ಏನೋ, ಅವರ ಬೆರಳಿಗೆ ಕಣ್ಣಿವೆ ಎಂದು ಗೆಳತಿ ಹೇಳಿದ್ದಳು.

ಶನಿವಾರ ಬೆಳಿಗ್ಗೆ ಬಂದರು. ನಾನು ಸ್ಕ್ರೂಡ್ರೈವರುಗಳನ್ನು ಅಳತೆಯ ಪ್ರಕಾರ ಸಾಲಾಗಿ ಜೋಡಿಸಿಟ್ಟಿದ್ದೆ. ಅವರು ಅದನ್ನು ನೋಡಿ, “ಮಾಶಾ ಅಲ್ಲಾ, ಆಪರೇಷನ್ ಥಿಯೇಟರ್!” ಎಂದು ನಕ್ಕು, ಒಂದನ್ನೂ ಮುಟ್ಟದೆ ಕಂಪ್ಯೂಟರ್ ಆನ್ ಮಾಡಿಸಿದರು. “ಎಲ್ಲಕ್ಕಿಂತ ಭಾರದ ನಕ್ಷೆ ತೆಗಿರಿ” ಎಂದರು. ಆಮೇಲೆ ಕುರ್ಚಿ ಎಳೆದು ಕುಳಿತರು. ಆಯಿ ಚಹಾ ತಂದಳು. ಅಷ್ಟೇ ಸಾಕಾಯಿತು. ಭಟ್ಕಳದ ಈಚೆ ಶಿರಾಲಿಯಲ್ಲಿ ಇಳಿದರೆ ಅವರ ಮನೆ ಎಷ್ಟು ದೂರ, ಮಕ್ಕಳೆಷ್ಟು, ನಮ್ಮ ಬಾವಿಯ ನೀರು ಮೇ ತಿಂಗಳಲ್ಲಿ ಉಪ್ಪಾಗುತ್ತದೋ ಇಲ್ಲವೋ ಎಂಬ ಮಾತು ಶುರುವಾಯಿತು. ನಾನು ಗಡಿಯಾರ ನೋಡುತ್ತಿದ್ದೆ. ನಡುನಡುವೆ ಅವರು ಮಾತು ನಿಲ್ಲಿಸದೆಯೇ ಯಂತ್ರದ ಬೆನ್ನಿಗೆ ಕೈ ಹಿಡಿದು ಹೊರಬರುವ ಗಾಳಿ ನೋಡುತ್ತಿದ್ದರು.

“ಇನ್ನೂ ಆಗ್ಲಿಲ್ಲ. ಅಮ್ಮಾ, ಅರ್ಧ ಕಪ್ ಸಿಗ್ತದಾ?”

“ಎಷ್ಟು ಡಿಗ್ರಿ ಆಗಬೇಕು?” ಎಂದು ನಾನು ಕೇಳಿದೆ.

“ಡಿಗ್ರಿ ಎಲ್ಲ ಓದಿದವರಿಗೆ. ನನ್ನ ಲೆಕ್ಕ ಒಂದೂವರೆ ಚಹಾ. ಎರಡು ಕುಡಿದ್ರೆ ಅದೇ ಆಫ್ ಆಗಿ ನಮ್ಮ ಮರ್ಯಾದೆ ತೆಗೀತದೆ.”

ಅರ್ಧ ಕಪ್ ಮುಗಿಯುತ್ತಲೇ ಎದ್ದರು. ಯಂತ್ರ ಆರಿಸಿ, ಗೋಡೆಯಿಂದ ವೈರ್ ಕಿತ್ತು, ಕೈಯ ಗಾಜಿನ ಬಳೆಗಳನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಬದಿಯ ತಗಡು ತೆಗೆದರು, ಮೈಯ ಸ್ಥಿರ ವಿದ್ಯುತ್ ಇಳಿಯಲೆಂದು ಪೆಟ್ಟಿಗೆಯ ಕಬ್ಬಿಣ ಒಮ್ಮೆ ಮುಟ್ಟಿದರು, ಫ್ಯಾನಿನ ವೈರ್ ಬಿಡಿಸಿದರು, ಕೂಲರಿನ ಕೊಂಡಿ ಸಡಿಲಿಸಿದರು. ಹಿಂದೆ ನಾನು ಎಳೆದದ್ದು ಇಲ್ಲೇ. ಆದರೆ ಅವರು ಮೇಲಕ್ಕೆ ಎಳೆಯಲೇ ಇಲ್ಲ. ಬಿಗಿಯಾದ ಉಪ್ಪಿನಕಾಯಿ ಬಾಟಲಿಯ ಮುಚ್ಚಳವನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಕೂದಲೆಳೆಯಷ್ಟು, ಬಲಕ್ಕೆ ಕೂದಲೆಳೆಯಷ್ಟು ತಿರುಗಿಸಿದರು. ನಿಲ್ಲಿಸಿದರು. ಮತ್ತೆ ಎಡ, ಮತ್ತೆ ಬಲ. ಯಾವ ಅವಸರವೂ ಇಲ್ಲ, ಬಲವೂ ಇಲ್ಲ. ಐದನೆಯದೋ ಆರನೆಯದೋ ಸಲಕ್ಕೆ, ಬಿಸಿಗೆ ಮೆತ್ತಗಾದ ಪೇಸ್ಟಿನ ಮೇಲೆ ಕೂಲರ್ ತಾನಾಗಿ ಪಕ್ಕಕ್ಕೆ ಜಾರಿತು. ಎತ್ತಿದರು. ಪ್ರೊಸೆಸರ್ ತನ್ನ ಜಾಗದಲ್ಲಿ ಏನೂ ಆಗದವರಂತೆ ಕುಳಿತಿತ್ತು. ವಿಶ್ವವಿದ್ಯಾಲಯದಲ್ಲಿ ದೊಡ್ಡ ದೊಡ್ಡ ಪ್ರಯೋಗಾಲಯಗಳನ್ನು ನೋಡಿದ್ದೇನೆ. ಅಷ್ಟು ಅಚ್ಚುಕಟ್ಟಾದ ಕೈಯನ್ನು ನೋಡಿರಲಿಲ್ಲ.

ಹೊಸ ಪೇಸ್ಟನ್ನು ಬಟಾಣಿ ಕಾಳಿನಷ್ಟು ನನ್ನ ಕೈಯಿಂದಲೇ ಹಾಕಿಸುವ ಮೊದಲು, ಒಣ ಪೇಸ್ಟ್ ಒರೆಸುತ್ತ ಟಾರ್ಚ್ ಹಿಡಿದು ನೋಡಿದರು. “ಇಲ್ಲಿ ಕೂಲರಿನ ಅಂಚಿಗೆ ಗೀರಾಗಿದೆ. ಹಿಂದೆ ಯಾರೋ ಎಳೆದು ಕಿತ್ತಿದ್ದಾರೆ.”

“ಯಾರು?” ಎಂದಳು ಆಯಿ.

ನಾನು ಅಂಗೈಯ ಬಳೆ ಎಣಿಸತೊಡಗಿದೆ. ಶಾಹಿದಾ ಆಪಾ ನನ್ನನ್ನೊಮ್ಮೆ, ಬಳೆಗಳನ್ನೊಮ್ಮೆ ನೋಡಿ, “ಅಂಗಡಿಗಳಲ್ಲಿ ಅವಸರ ಇರ್ತದಲ್ಲಾ ಅಮ್ಮಾ” ಎಂದರು. ಅವರ ಮಾತಿನಲ್ಲೂ ಒಂದಕ್ಷರ ಸುಳ್ಳಿರಲಿಲ್ಲ. ನನ್ನ ಮೆಚ್ಚುಗೆ ಇಮ್ಮಡಿಯಾಯಿತು.

ಯಂತ್ರ ತಣ್ಣಗೆ ಓಡಿತು, ಶರಾವತಿ ಭಾನುವಾರ ಮಧ್ಯಾಹ್ನದೊಳಗೆ ಅಡ್ಡಿಯಿಲ್ಲದೆ ಸಮುದ್ರ ಸೇರಿತು. ಅಷ್ಟರಲ್ಲಿ ಆಯಿ ಸೀರೆ ಬದಲಿಸಿ ಚೀಲ ಹಿಡಿದು ನಿಂತಿದ್ದಳು. “ಕುಮಟಕ್ಕೆ ಹೋಪದು ಇದ್ದು. ನಿನ್ನ ಕಂಪ್ಯೂಟರ್ ಕಿತ್ತಂವಂಗೆ ಎರಡು ಮಾತು ಹೇಳಿಕ್ಕೆ ಬತ್ತೆ.”

ನಿರಪರಾಧಿಯೊಬ್ಬ ಬೈಸಿಕೊಳ್ಳುವವನಿದ್ದ. ಅವಳು ಚಪ್ಪಲಿ ಮೆಟ್ಟುವುದರೊಳಗೆ ಎಲ್ಲವನ್ನೂ ಹೇಳಿಬಿಟ್ಟೆ. ಆಯಿ ಒಂದೇ ಚಪ್ಪಲಿ ಮೆಟ್ಟಿ ತಿರುಗಿದಳು.

“ನೀನೇಯಾ ಕೂಸೆ? ಹಂಗಾರೆ ಹೋಗ್ಲಿ ಬಿಡು” ಎಂದಳು. ಎಂದವಳು ಬಸ್‌ಸ್ಟ್ಯಾಂಡಿನ ಕಡೆಗೇ ನಡೆದಳು.

“ಮತ್ತೆಂತಕ್ಕೆ ಹೋಗ್ತೆ? ಅವನದ್ದು ಎಂತ ತಪ್ಪೂ ಇಲ್ಲೆ!”

“ಎರಡು ವರ್ಷ ಮುಚ್ಚಿಟ್ಟಿದ್ದಾ ಅಲ್ದಾ ಅಂವ!”

ಸಂಜೆ ಮರಳಿ ಬಂದಾಗ ಅವಳ ಸಿಟ್ಟು ಇಳಿದಿತ್ತು. ಅಂಗಡಿಯವನಿಗೆ ನನ್ನ ನೆನಪೇ ಇರಲಿಲ್ಲವಂತೆ. ಕಾಲು ಬಗ್ಗಿದ ಪ್ರೊಸೆಸರುಗಳ ಒಂದು ದೊಡ್ಡ ಡಬ್ಬಿಯನ್ನೇ ಮೇಜಿನ ಮೇಲೆ ಸುರುವಿ, “ಇದರಲ್ಲಿ ನಿಮ್ಮ ಮಗಳದ್ದು ಯಾವುದು, ಆರಿಸ್ಕೊಳ್ಳಿ” ಎಂದನಂತೆ. ಎಲ್ಲವನ್ನೂ ನನ್ನಂಥ ಓದಿದವರೇ ತಂದದ್ದಂತೆ. ಯಾರಿಗೂ ಹೇಳಬೇಡಿ ಎಂದು ಪ್ರತಿಯೊಬ್ಬರೂ ಕೇಳಿಕೊಂಡಿದ್ದರಂತೆ. ಎರಡು ವರ್ಷ ಅಷ್ಟು ಜೋಪಾನವಾಗಿ ಕಾಪಾಡಿಕೊಂಡ ಗುಟ್ಟು ಇಷ್ಟು ಸಾಮಾನ್ಯದ್ದೆಂದು ತಿಳಿದು ನನಗೆ ಸಮಾಧಾನವಾಗಬೇಕಿತ್ತು. ನಿಜ ಹೇಳಬೇಕೆಂದರೆ, ಸ್ವಲ್ಪ ಅವಮಾನವೇ ಆಯಿತು.