ನಂಟರಿಲ್ಲದ ಊರಿನ ಕಾಲೇಜು

ನಮ್ಮ ಸವಣೂರಿನ ಕಡೆ ಮನುಷ್ಯನಿಗೆ ಹೆಸರು ಬೇಕಾಗುವುದು ಶಾಲೆಯ ಹಾಜರಿ ಕೂಗುವಾಗ ಮಾತ್ರ. ಹಾದಿಯಲ್ಲಿ ಎದುರಾದ ಹಿರಿಯರು ಹೆಸರು ಕೇಳುವ ಗೋಜಿಗೇ ಹೋಗುವುದಿಲ್ಲ. "ಯಾರ ಪೈಕಿ ಆದಿ ತಮ್ಮಾ?" ಎಂದು ಶುರು ಮಾಡುತ್ತಾರೆ. ನೀವು ಬಾಯಿಬಿಟ್ಟಿರೋ ಮುಗಿಯಿತು. ನಿಮ್ಮ ಅಜ್ಜನಿಂದ ಹಿಡಿದು ಸೋದರಮಾವನ ಮೂಲವ್ಯಾಧಿಯವರೆಗೆ ಎಲ್ಲವನ್ನೂ ವಿಚಾರಿಸಿಕೊಂಡು, ಕೊನೆಗೆ ತಾವು ನಿಮಗೆ ಏನಾಗಬೇಕು ಎಂಬುದನ್ನೂ ಹೇಳಿಯೇ ಬಿಡುತ್ತಾರೆ. ಈ ಪ್ರಶ್ನೆಯಲ್ಲಿ ಅಂತಃಕರಣವಿದೆ ಎಂದು ಈಗ ಒಪ್ಪುತ್ತೇನೆ. ಮೀಸೆ ಚಿಗುರುತ್ತಿದ್ದ ಕಾಲದಲ್ಲಿ ಮಾತ್ರ ಅದು ಪೊಲೀಸ್ ಫೌಜದಾರನ ಪ್ರಶ್ನೆಯಂತೆ ಕೇಳುತ್ತಿತ್ತು. ನಮ್ಮದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಹೊಸ್ತಿಲು ದಾಟದ ಮಡಿವಂತ ಮನೆ. ಒಮ್ಮೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಹಿಂದೆ ನಿಂತು ಒಂದು ಉಳ್ಳಾಗಡ್ಡಿ ಭಜಿ ತಿಂದಿದ್ದೆ. ನಾನು ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿದು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ಪಡಸಾಲೆಯಲ್ಲಿ ಕುಳಿತಿತ್ತು. ತಂದವರು ದೂರದ ಸಂಬಂಧದ ಒಬ್ಬ ಕಾಕಾ.

ಪಿ.ಯು.ಸಿ. ಪಾಸಾದಾಗ, ಹೀಗಾಗಿ, ನಾನು ಕಾಲೇಜನ್ನು ಆರಿಸಿದ್ದು ಪಾಠ ನೋಡಿ ಅಲ್ಲ, ನಂಟರನ್ನು ನೋಡಿ. ಧಾರವಾಡದಲ್ಲಿ ಇಬ್ಬರು ಕಾಕಾಗಳು, ಅಲ್ಲಿ ಓಣಿ ದಾಟುವುದರೊಳಗೆ ಯಾರಾದರೂ ಕಿವಿ ಹಿಂಡುವವರೇ. ಹುಬ್ಬಳ್ಳಿಯಲ್ಲಿ ಅವ್ವನ ತಂಗಿ ಮೌಶಿ. ಹಾವೇರಿಯಲ್ಲಿ ಸೋದರಮಾವ, ಅದೂ ಸಾಲಿ ಮಾಸ್ತರ. ಶಿಗ್ಗಾವಿಯಲ್ಲಿ ಅಕ್ಕನನ್ನು ಕೊಟ್ಟ ಮನೆ. ಹಾನಗಲ್ಲಿನಲ್ಲಿ ಅತ್ಯಾನ, ಅಂದರೆ ಅಪ್ಪನ ಅಕ್ಕನ, ಅತ್ತೆಮನೆ. ಹೀಗೆ ಒಂದೊಂದೇ ಊರನ್ನು ಹೊಡೆದು ಹಾಕುತ್ತಾ ಹೋದಾಗ ಕೊನೆಗೆ ಉಳಿದದ್ದು ಹಿರೇಕೆರೂರು. ಆ ದಿಕ್ಕಿಗೆ ನಮ್ಮವರು ಯಾರೂ ಹೆಣ್ಣು ಕೊಟ್ಟಿರಲಿಲ್ಲ, ತಂದಿರಲಿಲ್ಲ. ಅಲ್ಲಿ ಬಿ.ಕಾಂ. ಕಲಿಸುವ ಒಂದು ಕಾಲೇಜು ಇದೆಯೆಂದು ಗೆಳೆಯನೊಬ್ಬ ಹೇಳಿದ ಕೂಡಲೇ ನನಗೆ ವಾಣಿಜ್ಯಶಾಸ್ತ್ರದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. "ಅಲ್ಲಿ ಭಾಳ ಛಲೋ ಕಲಸ್ತಾರಂತ" ಎಂದು ಅಪ್ಪನಿಗೆ ಹೇಳಿದೆ. ಯಾರು ಹೇಳಿದರು ಎಂದು ಅವನು ಕೇಳಲಿಲ್ಲ, ಪುಣ್ಯ. ಕಿವಿ ಮುಚ್ಚುವಷ್ಟು ಕೂದಲು, ನೆಲ ಗುಡಿಸುವ ಬೆಲ್‌ಬಾಟಮ್ ಪ್ಯಾಂಟು, ದಿನಾ ಸಂಜೆ ಉಳ್ಳಾಗಡ್ಡಿ ಭಜಿ: ಮೂರು ವರ್ಷದ ನನ್ನ ಅಭ್ಯಾಸಕ್ರಮ ಸಿದ್ಧವಾಗಿತ್ತು.

ಕಾಲೇಜನ್ನು ಒಮ್ಮೆ ಕಣ್ಣಾರೆ ನೋಡಿ ಬರಬೇಕೆಂಬ ಮಾತು ಎದ್ದಿತು. ಒಬ್ಬನೇ ಹೋಗಿ ಬರುತ್ತೇನೆಂದೆ. ಅಪ್ಪ ತಾಲೂಕು ಕಚೇರಿಯ ಗುಮಾಸ್ತ, ಜಮಾಬಂದಿ ನಡೆದಿತ್ತು, ಅವನಿಗೆ ರಜೆ ಸಿಗುವಂತಿರಲಿಲ್ಲ. ನಾನು ಒಳಗೊಳಗೇ ಕುಣಿಯುತ್ತಿರುವಾಗ ಅಡಿಗೆಮನೆಯಿಂದ ತುಂಗಾ ಅತ್ಯಾನ ಧ್ವನಿ ಬಂತು. ಗಂಡ ತೀರಿಕೊಂಡ ಮೇಲೆ ಅವಳು ನಮ್ಮಲ್ಲೇ ಇದ್ದಳು. "ಮೂರು ವರ್ಷ ನಮ್ಮ ಹುಡುಗನ್ನ ಕೊಡ್ತೇವಿ. ಮನಿ ನೋಡಬ್ಯಾಡೇನು? ನಾ ಹೋಗ್ತೇನಿ ಅವನ ಜೋಡಿ." ಅವಳ ಮಾತಿಗೆ ನಮ್ಮ ಮನೆಯಲ್ಲಿ ಅಪೀಲು ಇರಲಿಲ್ಲ. ಮಾತಿಗೆ ಸಿಕ್ಕವರನ್ನು ಯಾವುದಾದರೊಂದು ಎಳೆ ಹಿಡಿದು ನಂಟರಾಗಿಸುವುದರಲ್ಲಿ ಇಡೀ ಸವಣೂರು ಒಂದು ತೂಕವಾದರೆ ತುಂಗಾ ಅತ್ಯಾ ಒಂದು ತೂಕ ಎಂಬುದನ್ನು ಇಲ್ಲಿ ಹೇಳಿಬಿಡಬೇಕು.

ಜೂನ್ ತಿಂಗಳ ಒಂದು ಬೆಳಿಗ್ಗೆ ಹೊರಟೆವು. ಅತ್ಯಾನ ಕೈಯಲ್ಲಿ ಮಡಿ ನೀರಿನ ತಂಬಿಗೆ, ಹೊರಗೆ ಅವಳು ಹನಿ ನೀರೂ ಮುಟ್ಟುವವಳಲ್ಲ. ನನ್ನ ಕೈಯಲ್ಲಿ ಹೆಸರಾದ ಕುರುಕಲು ತಿಂಡಿ ಸವಣೂರ ಖಾರದ ದೊಡ್ಡ ಪೊಟ್ಟಣ, ಬರಿಗೈಲೆ ಯಾರ ಮನೆಗೂ ಹೋಗಬಾರದಲ್ಲ. ಮಣಿಕಟ್ಟಿಗೆ ಅಪ್ಪನ ಕೈಗಡಿಯಾರ ಕಟ್ಟಿಕೊಂಡಿದ್ದೆ. ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿದ ಮೇಲೆ ಪಕ್ಕದಲ್ಲಿ ಬಂಕಾಪುರದ ಒಬ್ಬ ಸಾಬರ ಹೆಣ್ಣುಮಗಳು ಕುಳಿತಳು. ಇಲ್ಲಾದರೂ ಅತ್ಯಾನ ವಿದ್ಯೆ ನಡೆಯಲಿಕ್ಕಿಲ್ಲ ಎಂದುಕೊಂಡೆ. ಹಾನಗಲ್ಲು ಬರುವಷ್ಟರಲ್ಲಿ, ಆ ಹೆಣ್ಣುಮಗಳ ಅಣ್ಣ ವೀಳ್ಯದೆಲೆ ವ್ಯಾಪಾರಕ್ಕೆ ಸವಣೂರಿಗೆ ಬಂದಾಗ ಇಳಿಯುವ ಮನೆಯ ಬಾವಿಯೂ ನಮ್ಮ ಹಿತ್ತಲ ಬಾವಿಯೂ ಒಂದೇ ಸೆಲೆಯವು ಎಂದು ಇತ್ಯರ್ಥವಾಯಿತು. "ಒಂದ ನೀರು ಕುಡದವರು, ನಮ್ಮವರ ಆದ್ರಿ" ಎಂದಳು ಅತ್ಯಾ. ಆಕೆ ಇಳಿಯುವಾಗ ನನ್ನ ಕೆನ್ನೆ ಸವರಿ, "ಛಂದಾಗಿ ಓದ ಬೇಟಾ, ನಮ್ಮ ಅಣ್ಣ ಆ ಕಡೆ ಬಂದಾಗ ನಿನ್ನ ನೋಡಿ ಹೋಗಂತ ಹೇಳ್ತೇನಿ" ಎಂದಳು. ಹಿರೇಕೆರೂರು ಇನ್ನೂ ದೂರವಿತ್ತು, ಆಗಲೇ ಅಲ್ಲಿಗೆ ನನ್ನನ್ನು ನೋಡಲು ಬರುವವರೊಬ್ಬರು ಹುಟ್ಟಿಕೊಂಡಿದ್ದರು.

ಕಾಲೇಜು ನೋಡಿದ ಕೂಡಲೇ ಮನಸ್ಸಿಗೆ ಬಂತು. ಬಯಲಲ್ಲಿ ಉದ್ದನೆಯ ಹಂಚಿನ ಕಟ್ಟಡ, ಮುಂದೆ ಬೇವಿನ ಗಿಡಗಳು, ಅವುಗಳ ಕೆಳಗೆ ಕೈಗೆ ಕೈ ಹಾಕಿಕೊಂಡು ನಿಂತ ಹುಡುಗರು. ಒಬ್ಬನೂ ನನ್ನನ್ನು ತಿರುಗಿ ನೋಡಲಿಲ್ಲ. ಆಹಾ, ಯಾರೂ ಗುರುತು ಹಿಡಿಯದಿರುವುದರಲ್ಲಿ ಎಂಥ ಸುಖವಿದೆ! ಅದು ಗೇಟಿನವರೆಗೆ ಮಾತ್ರ ಉಳಿಯಿತು. ಅಲ್ಲಿದ್ದ ಜವಾನ ಫಕ್ಕೀರಪ್ಪನನ್ನು ಅತ್ಯಾ, "ಯಾ ಊರಪಾ ನಿಂದು?" ಎಂದಳು. "ಹತ್ತಿಮತ್ತೂರ್ರೀ ಅವ್ವಾರ." ಹತ್ತಿಮತ್ತೂರಿನಲ್ಲಿ ನಮ್ಮ ಅಜ್ಜನ ಕಾಲಕ್ಕೆ ಒಂದು ಹೊಲವಿತ್ತು. ಆ ಹೊಲದ ಬದುವಿನಿಂದ ಹೊರಟ ಅತ್ಯಾ ಒಂದು ಬೀಡಿ ಆರುವಷ್ಟರಲ್ಲಿ ಫಕ್ಕೀರಪ್ಪನ ಮಾವನ ಕೊಟ್ಟಿಗೆಯಲ್ಲಿದ್ದಳು. "ಅಂದಮ್ಯಾಲೆ ಈ ಸಣ್ಣ ಧಣ್ಯಾರು ನಮ್ಮ ಮನಿ ಹುಡುಗ ಇದ್ದಂಗ್ರಿ" ಎಂದು ಅವನು ಎದೆ ತಟ್ಟಿಕೊಂಡ. "ಕ್ಲಾಸ್ ತಪ್ಪಿಸಿ ಗೇಟ್ ದಾಟಿದ್ರ ಕಾಲ ಮುರೀತೇನಿ, ನೀವೇನ ಕಾಳಜಿ ಮಾಡಬ್ಯಾಡ್ರಿ." ಅತ್ಯಾ ಸಂತೋಷದಿಂದ ಅವನಿಗೊಂದು ಹಿಡಿ ಖಾರ ಹಾಕಿದಳು.

ಅಲ್ಲಿಂದ ಹಾಸ್ಟೆಲ್ಲಿನ ಅಡಿಗೆಮನೆ. ನಾನು ಹೊಸ್ತಿಲಲ್ಲೇ ನಿಂತು ಮೂಲೆಯಲ್ಲಿದ್ದ ಉಳ್ಳಾಗಡ್ಡಿಯ ಬುಟ್ಟಿಯನ್ನು ಕಣ್ತುಂಬ ನೋಡಿದೆ. ನಮ್ಮ ಮನೆಯಲ್ಲಿ ದೇವರ ಪೆಟ್ಟಿಗೆಯನ್ನೂ ಅಷ್ಟು ಭಕ್ತಿಯಿಂದ ನೋಡಿದವನಲ್ಲ. ಅಡಿಗೆ ಮಾಡುವ ಗುಂಡಾಚಾರ್ಯರು ಹಾನಗಲ್ಲಿನವರು ಎಂದು ತಿಳಿದಾಗ ನಾನೇ ಹಣೆ ಬಡಿದುಕೊಂಡೆ. ಅತ್ಯಾ ಅವರ ಮದುವೆಯ ಊಟದ ಪಂಕ್ತಿಯನ್ನೇ ನೆನಪಿಸಿಕೊಂಡು ಹೇಳಿ, ಅವರಿಗೆ ತಾನು ವಹಿನಿ, ಅಂದರೆ ಅತ್ತಿಗೆ, ಆಗಬೇಕೆಂದು ಸಾಧಿಸಿಬಿಟ್ಟಳು. "ಇವಂಗ ಉಳ್ಳಾಗಡ್ಡಿ ಹಾಕಿದ್ದು ಬಡಸಬ್ಯಾಡಪಾ." ಆಚಾರ್ಯರು ಕೈಮುಗಿದು, "ವಹಿನೀ, ನನ್ನ ಸಲುವಾಗಿ ಮಾಡಿಕೊಳ್ಳೋ ಸಾರು ಇರ್ತದಲ್ಲ, ಅದನ್ನ ಇವಂಗೂ ಹಾಕ್ತೇನಿ" ಎಂದರು. ಆ ಸಾರನ್ನು ಆಮೇಲೆ ಮೂರು ವರ್ಷ ಉಂಡೆ. ಅದರ ಬಗ್ಗೆ ಇಲ್ಲಿ ಮಾತಾಡುವುದಿಲ್ಲ, ಆಚಾರ್ಯರು ಒಳ್ಳೆಯ ಮನುಷ್ಯರು.

ಪ್ರಿನ್ಸಿಪಾಲರ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾಯುತ್ತ ಕುಳಿತಾಗ ನಾನು ಎಲ್ಲ ಆಸೆಯನ್ನೂ ಬಿಟ್ಟಿದ್ದೆ. ಆಗ ಅವಳು ಬಂದಳು. ಹಳದಿ ಸೀರೆ. ಸೀರೆ ಉಡುವುದು ಇನ್ನೂ ರೂಢಿಯಾಗಿರಲಿಲ್ಲವೆಂದು ಕಾಣುತ್ತದೆ, ನೆರಿಗೆಗಳ ಮೇಲೆ ಕೈಯಿಟ್ಟುಕೊಂಡೇ ನಡೆಯುತ್ತಿದ್ದಳು. ನೇರ ನನ್ನೆದುರಿಗೆ ಬಂದು, "ಟೈಮ್ ಎಷ್ಟಾತ್ರಿ?" ಎಂದಳು. ಓದುಗರು ಗಮನಿಸಬೇಕು: ಎಷ್ಟಾತು ಅಲ್ಲ, ಎಷ್ಟಾತ್ರಿ. ಹುಟ್ಟಿದಂದಿನಿಂದ ಎಲ್ಲರಿಂದಲೂ ಲೇ, ಭಾಡ್ಯಾ, ಕತ್ತಿ ಎಂದು ಕರೆಸಿಕೊಂಡ ನನಗೆ 'ರಿ' ಹಚ್ಚಿ ಮಾತಾಡಿದ ಮೊದಲ ಜೀವ ಅದು. ಗಡಿಯಾರ ನೋಡಿದೆ, ಮುಳ್ಳುಗಳು ಎಲ್ಲಿದ್ದವೋ ತಿಳಿಯಲಿಲ್ಲ. ಏನೋ ಒಂದು ಹೇಳಿದೆ. ಅವಳು ಬಿಸಿಲು ನೋಡಿ ನಕ್ಕಳು. ಬಿ.ಕಾಂ. ಮೊದಲನೇ ವರ್ಷಕ್ಕೇ ಸೇರುತ್ತಿದ್ದಳು, ಅದೇ ಊರಿನವಳು, ಹೆಸರು ಸುಧಾ. ಹಿರೇಕೆರೂರಿನ ಮೇಲಿನ ನನ್ನ ಪ್ರೀತಿ ಮತ್ತೆ ಚಿಗುರಿತು. ಉಳ್ಳಾಗಡ್ಡಿ ಬೇಡ, ಬೆಲ್‌ಬಾಟಮ್ ಬೇಡ, ಇದೊಂದು ಸಾಕು ಎಂದು ದೇವರೊಡನೆ ಮನಸ್ಸಿನಲ್ಲೇ ಒಪ್ಪಂದ ಮಾಡಿಕೊಂಡೆ.

ಪಕ್ಕದಲ್ಲಿ ತಂಬಿಗೆಯಿಂದ ನೀರು ಕುಡಿಯುತ್ತಿದ್ದ ಅತ್ಯಾ ತಂಬಿಗೆ ಕೆಳಗಿಟ್ಟಳು. "ಯಾರ ಪೈಕಿ ಆದೀವಾ ನೀನು?" ಸುಧಾ ತಂದೆಯ ಹೆಸರು ಹೇಳಿದಳು. "ನಿಮ್ಮಜ್ಜಿ ತವರುಮನಿ ಎಲ್ಲಿ?" "ಹಾನಗಲ್ಲರಿ." "ಗುಡಿ ಹಿಂದಿನ ಓಣಿನೋ, ಕೆರಿ ಕಡೆಯದೋ?" "ಗುಡಿ ಹಿಂದಿನದ್ರಿ." ಅತ್ಯಾ ಕಣ್ಣು ಮುಚ್ಚಿದಳು. ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಾಡಿತು. ಬೇಡ ಅತ್ಯಾ, ಬೇಡ, ಎಂದು ನಾನು ಒಳಗೇ ಮೊರೆಯಿಡುತ್ತಿದ್ದೆ. ಕಣ್ಣು ತೆರೆದ ಅತ್ಯಾನ ಮುಖ ಬೆಳಗುತ್ತಿತ್ತು. "ಹಂಗಂದ್ರ ನಿಮ್ಮಜ್ಜಿ, ನಮ್ಮವ್ವ ಅಕ್ಕತಂಗೇರ ಮಕ್ಕಳು! ನಿಮ್ಮಪ್ಪ, ಇವರಪ್ಪ ಅಣ್ಣತಮ್ಮ ಆದ್ರು. ಲೇ ಪಾಂಡು, ನಿನ್ನ ತಂಗಿ ಇಕಿ! ಸುಧವ್ವಾ, ನಿಮ್ಮ ಅಣ್ಣಗ ನಮಸ್ಕಾರ ಮಾಡು." ಸುಧಾಗೆ ಒಡಹುಟ್ಟಿದ ಅಣ್ಣ ಇರಲಿಲ್ಲವಂತೆ. ಖುಷಿಯಿಂದ ಕಣ್ಣರಳಿಸಿ, "ಖರೇನ? ಪಾಂಡಣ್ಣಾ, ನಿನ್ನ ಗಡಿಯಾರ ಕೆಟ್ಟದ ನೋಡೋ" ಎಂದಳು. 'ರಿ' ಹೋಯಿತು. ಅದರ ಆಯುಷ್ಯ ಅಷ್ಟೇ ಇತ್ತು. ಆಮೇಲೆ ಪ್ರಿನ್ಸಿಪಾಲರು ಅತ್ಯಾನಿಗೆ ಬೀಗರ ಕಡೆಯಿಂದ ಮಾವನಾದರು, ನಾನು ಅದಕ್ಕೆ ಲಕ್ಷ್ಯ ಕೊಡಲಿಲ್ಲ.

ಮೂರು ವರ್ಷ ಅಲ್ಲೇ ಓದಿದೆ. ಯಾರ ಕಣ್ಣಿಗೂ ಬೀಳದೆ ಇರಬೇಕೆಂದು ಹೋದವನ ಮೇಲೆ ಇಡೀ ಕಾಲೇಜು ಕಣ್ಣಿಟ್ಟಿತ್ತು. ಜ್ವರ ಬಂದಾಗ ಗುಂಡಾಚಾರ್ಯರು ಗಂಜಿ ಕಾಯಿಸಿದರು, ಫಕ್ಕೀರಪ್ಪ ಹೊತ್ತುಕೊಂಡು ಡಾಕ್ಟರ ಮನೆಗೆ ಒಯ್ದ. ಆಗ ಮಾತ್ರ ಅಳುವಷ್ಟು ಖುಷಿಯಾಗಿತ್ತು. ಪಂಚಮಿ ಬಂದರೆ ಸುಧಾ ಡಬ್ಬಿ ತುಂಬ ಉಂಡಿ ತಂದು, ಎಲ್ಲ ಹುಡುಗರೆದುರು "ಅಣ್ಣಾ, ತಗೋ" ಎನ್ನುತ್ತಿದ್ದಳು. ಶೇಂಗಾ ಉಂಡಿ ಅಷ್ಟು ಗಟ್ಟಿಯಾಗಿ ಗಂಟಲಲ್ಲಿ ಇಳಿಯಬಹುದೆಂದು ನನಗೆ ಗೊತ್ತಿರಲಿಲ್ಲ.

ಡಿಗ್ರಿ ಮುಗಿದ ಮರುವರ್ಷ ಅವಳ ಮದುವೆ. ಅತ್ಯಾನೂ ನಾನೂ ಹೋದೆವು. ಲಾಜಾಹೋಮದಲ್ಲಿ ಮದುಮಗಳ ಕೈಗೆ ಅರಳು ಹಾಕಲು ಅಣ್ಣ ಬೇಕು, ನನ್ನನ್ನೇ ಕರೆದರು. ಹೊಗೆ ಕಣ್ಣಿಗೆ ಹೊಡೆಯಿತು ಎಂದು ಹೇಳುವ ಅನುಕೂಲ ಅಲ್ಲಾದರೂ ಇತ್ತು. ಒಪ್ಪಿಸಿ ಕಳಿಸುವಾಗ ಹೊಗೆಯೂ ಇರಲಿಲ್ಲ. ನಾನು ಅತ್ತದ್ದನ್ನು ನೋಡಿ ಬೀಗರ ಕಡೆಯ ಮುದುಕರೊಬ್ಬರು, "ಅಣ್ಣ ಅಂದ್ರ ಹಿಂಗಿರಬೇಕು ನೋಡ್ರಿ" ಎಂದು ನಾಲ್ಕು ಮಂದಿಗೆ ತೋರಿಸಿದರು.

ಹಿಂದಿರುಗುವಾಗ ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಕುಳಿತಿದ್ದೆವು. ತಡೆಯಲಾರದೆ ಕೇಳಿದೆ: "ಅತ್ಯಾ, ಸುಧಾನ ಅಜ್ಜಿ ನಮ್ಮಜ್ಜಿಗೆ ಹೆಂಗ ಸಂಬಂಧ? ಬಿಡಿಸಿ ಹೇಳು." ಅತ್ಯಾ ಸೆರಗು ಸರಿಮಾಡಿಕೊಂಡಳು.

"ಎಲ್ಲೀ ಸಂಬಂಧೋ? ಆ ಊರಾಗ ನಮಗ ನಾಯಿ ಸೈತ ನಂಟ ಇರಲಿಲ್ಲ. ಗುರುತಿಲ್ಲದ ಊರಾಗ ನಿನ್ನ ಯಾರ ಕೈಯಾಗ ಇಟ್ಟು ಬರಲಿ? ಅದಕ್ಕ ಕಂಡವರನ್ನೆಲ್ಲಾ ನಮ್ಮವರ ಮಾಡಿ ಬಂದೆ."

"ಮತ್ತ ಸುಧಾ?"

"ಅಕಿ ಟೈಮ್ ಕೇಳಿದಾಗ ನಿನ್ನ ಮಾರಿ ನೋಡಿದೆ. ಇವನ ಬಿ.ಕಾಂ. ಇಲ್ಲೇ ಮುಗೀತು ಅನಸ್ತು. ತಂಗಿ ಮಾಡಿಬಿಟ್ಟೆ. ಅಕಿ ಗೋತ್ರ ನಾ ಕೇಳಿದ್ನೇನು? ಕೇಳಿದ್ರ ಸಿಕ್ಕಿಬೀಳ್ತಿದ್ದೆ."

ಅತ್ಯಾ ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಪಾಪ ಅನ್ನಿಸಿರಬೇಕು. ಎದುರಿನ ಹೋಟೆಲಿನ ಕಡೆ ಗದ್ದ ತಿರುಗಿಸಿ, "ಹೋಗು, ಉಳ್ಳಾಗಡ್ಡಿ ಭಜಿ ತಿಂದು ಬಾ. ನಾ ಈ ಕಡೆ ಮಾರಿ ಮಾಡಿ ಕೂಡ್ತೇನಿ" ಎಂದು ನಿಜವಾಗಿಯೂ ತಿರುಗಿ ಕುಳಿತಳು.

ಹೋದೆ. ಒಂದು ಪ್ಲೇಟು ತರಿಸಿಕೊಂಡು ಬಾಯಿಗಿಡುವಷ್ಟರಲ್ಲಿ ಎದುರಿನ ಬೆಂಚಿಗೆ ಒಬ್ಬ ಹಿರಿಯರು ಬಂದು ಕುಳಿತು ಚಹಾ ಹೇಳಿದರು. ಜೊತೆಗೆ ಮಗಳಿದ್ದಳು. ನೀಲಿ ಸೀರೆ. ಅವಳ ಕೈಯೂ ನೆರಿಗೆಯ ಮೇಲೇ ಇತ್ತು. ಅವಳು ನನ್ನ ಗಡಿಯಾರದ ಕಡೆ ನೋಡಿದಳು. ನನಗೆ ಅನುಭವ ಕಲಿಸಿತ್ತು. ಭಜಿಯನ್ನು ಮೇಜಿನ ಕೆಳಗೆ ಹಿಡಿದುಕೊಂಡು, ಯಾರೂ ಕಣ್ಣು ಮುಚ್ಚಿ ಬೆರಳೆಣಿಸಲು ಶುರುಮಾಡುವ ಮೊದಲೇ, ಉತ್ತರ ಕಲ್ಪಿಸಿ ಹೇಳಲಾಗದ ಪ್ರಶ್ನೆಯನ್ನೇ ನೇರವಾಗಿ ಕೇಳಿದೆ: "ತಮ್ಮ ಗೋತ್ರ ಯಾವುದ್ರಿ?"

"ಕಾಶ್ಯಪ" ಎಂದರು ಹಿರಿಯರು. "ನಿಮ್ಮದು?"

ನಮ್ಮದೂ ಕಾಶ್ಯಪವೇ. ನಾನು ಇನ್ನೊಂದು ಪ್ಲೇಟು ಭಜಿ ತರಿಸಿ, ಅರ್ಧವನ್ನು ತಂಗಿಯ ಕಡೆ ಸರಿಸಿದೆ.